ಒಮಾನ್ ದೇಶದ ರಾಜಕೀಯ-ಧಾರ್ಮಿಕ ಚರಿತ್ರೆ ಮತ್ತು ಕುಂದಾಪುರ ಕರಾವಳಿ: ನಾವುಂದ ಪರಿಸರದಿಂದ ಒಂದು ನೋಟ

ಪ್ರವೇಶ

ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿಗೆ ಸೇರಿದ ನಾವುಂದ ಕುಂದಾಪುರದಿಂದ ಉತ್ತರಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿರುವ ಗ್ರಾಮ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಗದ್ದೆಬಯಲು, ಅದರಾಚೆ ಘಟ್ಟದ ಸಾಲು. ತನ್ನದೇ ಆದ ದೊಡ್ಡ ಬಂದರು ಈ ಊರಿಗೆ ಇಲ್ಲ. ದಕ್ಷಿಣದಲ್ಲಿ ಪಂಚಗಂಗಾವಳಿಯ ಅಳಿವೆ, ಅದರ ಒಳಭಾಗದಲ್ಲಿ ವಾರಾಹಿ ದಂಡೆಯ ಬಸರೂರು. ಉತ್ತರದಲ್ಲಿ ಬೈಂದೂರು, ಶಿರೂರು, ಭಟ್ಕಳಗಳು. ಈ ಬಂದರುಗಳ ನಡುವಣ ಬೇಸಾಯದ ಮತ್ತು ಮೀನುಗಾರಿಕೆಯ ಊರಾಗಿಯೇ ನಾವುಂದವನ್ನು ಚರಿತ್ರೆಯಲ್ಲಿ ನೋಡಬೇಕಾಗುತ್ತದೆ.

ಇಂದು ಈ ಪರಿಸರದ ಹಲವಾರು ಮನೆಗಳಿಗೆ ಕೊಲ್ಲಿ ರಾಷ್ಟ್ರಗಳ ಸಂಬಂಧವಿದೆ. ಮಸ್ಕತ್, ದುಬೈ, ದೋಹಾ, ದಮ್ಮಾಮ್ ಎಂಬ ಹೆಸರುಗಳು ಕುಂದಗನ್ನಡದ ದಿನಬಳಕೆಯ ಮಾತಿನಲ್ಲಿ ಸೇರಿಹೋಗಿವೆ. ಆದರೆ ಈ ಸಂಬಂಧವನ್ನು ಸಾಮಾನ್ಯವಾಗಿ 1970ರ ದಶಕದ ತೈಲ ಸಮೃದ್ಧಿಯಿಂದ ಆರಂಭವಾದದ್ದೆಂದು ಭಾವಿಸಲಾಗುತ್ತದೆ. ಜೊತೆಗೆ, ಆಚೆ ದಡದ ದೇಶಗಳೆಲ್ಲವೂ ಒಂದೇ ಬಗೆಯವು, ಅಲ್ಲಿನ ಧರ್ಮವೂ ಒಂದೇ ಅಚ್ಚಿನದು ಎಂಬ ತಿಳಿವಳಿಕೆಯೂ ಬೇರೂರಿದೆ. ಈ ಎರಡು ಗ್ರಹಿಕೆಗಳೂ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ನಮ್ಮ ಕರಾವಳಿಗೆ ಶತಮಾನಗಳ ನಂಟಿರುವ ಒಮಾನ್ ದೇಶದ ರಾಜಕೀಯ ಮತ್ತು ಧಾರ್ಮಿಕ ಚರಿತ್ರೆಯನ್ನು ಸ್ಥೂಲವಾಗಿ ಪರಿಶೀಲಿಸಿ, ಅದು ಕುಂದಾಪುರ ಕರಾವಳಿಯ ಚರಿತ್ರೆಯೊಂದಿಗೆ ಎಲ್ಲೆಲ್ಲಿ ಹೆಣೆದುಕೊಂಡಿದೆ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇಬಾದಿ ಪಂಥ ಮತ್ತು ಇಮಾಮತ್ ಪದ್ಧತಿ

ಒಮಾನಿನ ಜನರು ಕ್ರಿ.ಶ. 630ರ ಸುಮಾರಿಗೆ, ಪ್ರವಾದಿ ಮುಹಮ್ಮದರ ಜೀವಿತ ಕಾಲದಲ್ಲಿಯೇ ಇಸ್ಲಾಮನ್ನು ಸ್ವೀಕರಿಸಿದರೆಂಬುದು ಅಲ್ಲಿನ ಪರಂಪರೆ. ಅಂದು ಆಳುತ್ತಿದ್ದ ಜುಲಂದಾ ಮನೆತನದ ಸೋದರರಾದ ಜೈಫರ್ ಮತ್ತು ಅಬ್ದ್ ಎಂಬವರ ಬಳಿಗೆ ಅಮ್ರ್ ಇಬ್ನ್ ಅಲ್-ಆಸ್ ದೂತನಾಗಿ ಬಂದನು. ಅನಂತರದ ಕಾಲದಲ್ಲಿ ಅಧಿಕಾರದ ಪ್ರಶ್ನೆಯನ್ನು ಕುರಿತು ಮುಸ್ಲಿಂ ಸಮುದಾಯದಲ್ಲಿ ಒಡಕು ಮೂಡಿದಾಗ, ಬಸ್ರಾ ನಗರದಲ್ಲಿ ರೂಪುಗೊಂಡ ಒಂದು ಚಿಂತನಾಧಾರೆ ಒಮಾನಿನಲ್ಲಿ ನೆಲೆಯೂರಿತು. ಅದೇ ಇಬಾದಿ ಪಂಥ. ಅಬ್ದುಲ್ಲಾ ಇಬ್ನ್ ಇಬಾದ್ ಎಂಬಾತನಿಂದ ಅದಕ್ಕೆ ಹೆಸರು ಬಂದಿದ್ದರೂ, ಅದರ ಶಾಸ್ತ್ರೀಯ ತಳಹದಿಯನ್ನು ಹಾಕಿದವನು ಒಮಾನ್ ಮೂಲದ ವಿದ್ವಾಂಸ ಜಾಬಿರ್ ಇಬ್ನ್ ಝೈದ್.

ಇಬಾದಿಗಳು ಸುನ್ನಿಗಳೂ ಅಲ್ಲ, ಶಿಯಾಗಳೂ ಅಲ್ಲ. ಸಮುದಾಯದ ನಾಯಕನಾದ ಇಮಾಮನು ಪ್ರವಾದಿಯ ವಂಶದವನೋ ಕುರೈಷ್ ಕುಲದವನೋ ಆಗಿರಬೇಕಾಗಿಲ್ಲ. ಯೋಗ್ಯತೆಯುಳ್ಳ ಯಾವ ಮುಸ್ಲಿಮನನ್ನಾದರೂ ವಿದ್ವಾಂಸರೂ ಹಿರಿಯರೂ ಕೂಡಿ ಆರಿಸಬಹುದು. ಅವನು ಧರ್ಮ ತಪ್ಪಿದರೆ ಕೆಳಗಿಳಿಸಲೂಬಹುದು ಎಂಬುದು ಅವರ ಸಿದ್ಧಾಂತದ ಮುಖ್ಯಾಂಶ. ಉಳಿದ ಮುಸ್ಲಿಮರ ಮೇಲೆ ಕತ್ತಿಯೆತ್ತುವ ಉಗ್ರ ಗುಂಪುಗಳಿಂದ ಅವರು ಆರಂಭದಲ್ಲಿಯೇ ದೂರ ಸರಿದರು. 8ನೆಯ ಶತಮಾನದ ಮಧ್ಯಭಾಗದಲ್ಲಿ ಜುಲಂದಾ ಬಿನ್ ಮಸೂದ್ ಮೊದಲ ಇಮಾಮನಾಗಿ ಆಯ್ಕೆಯಾದನು. ಕೆಲವೇ ವರ್ಷಗಳಲ್ಲಿ ಅಬ್ಬಾಸಿ ಸೈನ್ಯ ಅದನ್ನು ಅಳಿಸಿಹಾಕಿತು. ಆದರೆ 793ರ ಬಳಿಕ ಒಳನಾಡಿನ ನಿಝ್ವಾ ಪಟ್ಟಣವನ್ನು ಕೇಂದ್ರವಾಗಿಸಿಕೊಂಡು ಇಮಾಮತ್ ಮತ್ತೆ ತಲೆಯೆತ್ತಿತು.

ಇಬಾದಿ ಚಿಂತನೆಯ ಇನ್ನೊಂದು ಅಂಶ ಜಾನಪದ ಅಭ್ಯಾಸಿಗೆ ವಿಶೇಷ ಕುತೂಹಲಕರ. ಧರ್ಮಸಮುದಾಯ ಯಾವಾಗಲೂ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಅದಕ್ಕೆ ನಾಲ್ಕು ಹಾದಿಗಳಿವೆ ಎಂದು ಅವರು ಹೇಳುತ್ತಾರೆ. ಸಮುದಾಯ ಸ್ವತಂತ್ರವಾಗಿ, ಬಹಿರಂಗವಾಗಿ ಬಾಳುವ 'ಝುಹೂರ್'. ದಾಳಿಯನ್ನು ಎದುರಿಸಲು ಒಂದುಗೂಡುವ 'ದಿಫಾ'. ಸಣ್ಣ ಗುಂಪೊಂದು ಪ್ರಾಣವನ್ನೇ ಪಣವಾಗಿಡುವ 'ಶಿರಾ'. ಪರರ ಆಳ್ವಿಕೆಯಲ್ಲಿ ನಂಬಿಕೆಯನ್ನು ಒಳಗೇ ಕಾಪಾಡಿಕೊಳ್ಳುವ 'ಕಿತ್ಮಾನ್'. ಸೋಲನ್ನೂ ಮೌನವನ್ನೂ ಧರ್ಮದ ಚೌಕಟ್ಟಿನೊಳಗೇ ಅರ್ಥೈಸಿಕೊಂಡ ಈ ಕ್ರಮದಿಂದಾಗಿಯೇ ಇಮಾಮತ್ ಹಲವು ಸಲ ಅಳಿದರೂ ಮತ್ತೆ ಮತ್ತೆ ಚಿಗುರಲು ಸಾಧ್ಯವಾಯಿತು ಎನ್ನಬಹುದಾಗಿದೆ.

ಇಬ್ನ್ ಬತೂತಾ ಕಂಡ ಎರಡು ದಡಗಳು

14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ಒಮಾನ್ ಕರಾವಳಿಯನ್ನೂ ನಮ್ಮ ಕರಾವಳಿಯನ್ನೂ ಕಣ್ಣಾರೆ ಕಂಡು ಬರೆದವನು. 1330ರ ಆಸುಪಾಸಿನಲ್ಲಿ ಅವನು ಒಮಾನಿನ ಖಲ್ಹಾತ್ ಬಂದರಿಗೆ ಬಂದನು. ಅಲ್ಲಿನ ಜನ ವ್ಯಾಪಾರಿಗಳು, ಹಿಂದೂ ಮಹಾಸಾಗರದಿಂದ ಬರುವ ಸರಕೇ ಅವರ ಜೀವನಾಧಾರ, ಹಡಗು ಬಂದರೆ ಅವರಿಗೆ ಎಲ್ಲಿಲ್ಲದ ಸಂತೋಷ ಎಂದು ಅವನು ಬರೆಯುತ್ತಾನೆ. ಎಲೆಯ ಮೇಲೆ ಸುಟ್ಟ ಮೀನನ್ನು ಅನ್ನದೊಂದಿಗೆ ಉಂಡುದನ್ನೂ, ಆ ಅಕ್ಕಿ ಭಾರತದಿಂದ ಬರುತ್ತದೆಂಬುದನ್ನೂ ಮರೆಯದೆ ದಾಖಲಿಸುತ್ತಾನೆ. ಖಲ್ಹಾತಿನ ಬಹುಪಾಲು ಜನ ಇಬಾದಿ ಮತದವರಾಗಿದ್ದರೂ, ಸುನ್ನಿ ಅರಸನಾದ ಹೊರ್ಮುಜ್ ಸುಲ್ತಾನನ ಅಧೀನದಲ್ಲಿರುವುದರಿಂದ ಅದನ್ನು ಹೊರಗೆ ತೋರ್ಪಡಿಸುವುದಿಲ್ಲ ಎಂಬ ಅವನ ಮಾತು, ಮೇಲೆ ಹೇಳಿದ 'ಕಿತ್ಮಾನ್' ಸ್ಥಿತಿಗೆ ಕಣ್ಣಿಗೆ ಕಾಣುವ ಸಾಕ್ಷಿಯಾಗಿದೆ. ಒಳನಾಡಿನ ನಿಝ್ವಾದಲ್ಲಾದರೋ ಇದೇ ಮತ ಬಹಿರಂಗವಾಗಿತ್ತು.

ದೆಹಲಿಯಿಂದ 1342ರಲ್ಲಿ ಹೊರಟು, ಹೊನ್ನಾವರದಿಂದ ದಕ್ಷಿಣಕ್ಕೆ ಸಮುದ್ರಮಾರ್ಗವಾಗಿ ಸಾಗಿದ ಅವನು ನಾವುಂದದ ಕಡಲತೀರವನ್ನು ಬಲು ಹತ್ತಿರದಲ್ಲಿಯೇ ಹಾದುಹೋಗಿರಬೇಕು. ಅವನು 'ಅಬೂ ಸರೂರ್' ಎಂದು ಕರೆಯುವ ಊರು ನಮ್ಮ ಬಸರೂರು. ತೆಂಗಿನ ಮರಗಳಿಂದ ತುಂಬಿದ ಆ ಊರಿನ ಮುಸ್ಲಿಮರ ಮುಖ್ಯಸ್ಥ ಶೇಖ್ ಜುಮಾ ತನ್ನ ಸಂಪತ್ತನ್ನೆಲ್ಲ ಬಡವರಿಗಾಗಿ ವ್ಯಯಿಸಿ ಬರಿಗೈಯಾದವನೆಂದು ಅವನು ಬರೆದಿದ್ದಾನೆ. ಮುಂದಿನ 'ಫಾಕನೂರ್', ಅಂದರೆ ಬಾರಕೂರಿನಲ್ಲಿ, ಹಿಂದೂ ಅರಸನ ಸುಮಾರು 30 ಯುದ್ಧನೌಕೆಗಳಿಗೆ ಲೂಲಾ ಎಂಬ ಮುಸ್ಲಿಮನೇ ದಳಪತಿಯಾಗಿದ್ದನು. ಕರಾವಳಿಯ ಶಾಸನಗಳಲ್ಲಿ ಕಾಣಸಿಗುವ 'ಹಂಜಮಾನ' ಎಂಬ ಪರದೇಶಿ ವರ್ತಕರ ಸಂಘದ ಹೆಸರನ್ನು ಇದರ ಜೊತೆಗಿಟ್ಟು ನೋಡಿದರೆ, ಅರಬ್ ಮೂಲದ ವರ್ತಕರು ಇಲ್ಲಿನ ಅರಸೊತ್ತಿಗೆಯ ವ್ಯವಸ್ಥೆಯೊಳಗೆ ಮಾನ್ಯತೆ ಪಡೆದ ಒಂದು ವರ್ಗವೇ ಆಗಿದ್ದರೆಂಬುದು ಸ್ಪಷ್ಟವಾಗುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಒಮಾನಿನ ಹಡಗುಗಳು ಇಷ್ಟು ಕಾಲ ಇಲ್ಲಿಗೆ ಬಂದರೂ ಇಬಾದಿ ಪಂಥ ನಮ್ಮ ಕರಾವಳಿಯಲ್ಲಿ ಏಕೆ ನೆಲೆಯೂರಲಿಲ್ಲ? ಭಟ್ಕಳ, ಶಿರೂರು, ಗಂಗೊಳ್ಳಿಗಳ ನವಾಯತರಾಗಲಿ, ದಕ್ಷಿಣದ ಬ್ಯಾರಿಗಳಾಗಲಿ ಮುಖ್ಯವಾಗಿ ಶಾಫಿ ಪಂಥವನ್ನು ಅನುಸರಿಸುವ ಸುನ್ನಿಗಳು. ಶಾಫಿ ಪಂಥ ಯೆಮನ್, ಹದರಮೌತ್ ಮತ್ತು ಮಲಬಾರಿನ ಬಂದರುಗಳ ಸಾಲಿನಲ್ಲಿ ವ್ಯಾಪಿಸಿದ್ದು. ಇಬಾದಿ ಪಂಥದ ಜೀವನಾಡಿಯಾದರೋ ಒಮಾನಿನ ಒಳನಾಡಿನ ಬುಡಕಟ್ಟುಗಳಲ್ಲಿ, ಇಮಾಮನ ಆಯ್ಕೆಯ ವ್ಯವಸ್ಥೆಯಲ್ಲಿ ಇತ್ತು. ಆ ನೆಲದಿಂದ ಬೇರ್ಪಟ್ಟು ಬಂದರಿನಿಂದ ಬಂದರಿಗೆ ಸಾಗುವ ವರ್ತಕನೊಂದಿಗೆ ಅದು ಸುಲಭವಾಗಿ ಪಯಣಿಸಲಿಲ್ಲ ಎಂದು ಊಹಿಸಬಹುದು. ಒಮಾನಿನೊಂದಿಗೆ ನಮ್ಮ ಸಂಬಂಧ ಮತದ್ದಲ್ಲ, ಅಕ್ಕಿಯದು ಎಂಬುದನ್ನು ಇಲ್ಲಿ ಒತ್ತಿಹೇಳಬೇಕಾಗುತ್ತದೆ.

ಪೋರ್ಚುಗೀಸರು, ಕೆಳದಿ ಅರಸರು ಮತ್ತು ಯಅರುಬಿ ಇಮಾಮರು

ಎರಡೂ ದಡಗಳ ಚರಿತ್ರೆ ಅತ್ಯಂತ ನಿಕಟವಾಗಿ ಹೆಣೆದುಕೊಂಡಿರುವುದು 16 ಮತ್ತು 17ನೆಯ ಶತಮಾನಗಳಲ್ಲಿ. 1507ರಲ್ಲಿ ಅಲ್ಬುಕರ್ಕನು ಮಸ್ಕತ್ತನ್ನು ಸುಟ್ಟು ವಶಪಡಿಸಿಕೊಂಡನು. ಬಸರೂರಿನಲ್ಲಿ ಪೋರ್ಚುಗೀಸರ ಕೋಟೆ 1569ರಲ್ಲಿ ಎದ್ದಿತು. ಗಂಗೊಳ್ಳಿಯಲ್ಲಿ 1629ರ ಹೊತ್ತಿಗೆ ಇನ್ನೊಂದು. ಗೋವೆಯ ಅನ್ನ ಬಸರೂರಿನ ಅಕ್ಕಿಯನ್ನೇ ನೆಚ್ಚಿಕೊಂಡಿತ್ತು. ಪರವಾನಗಿ ಚೀಟಿ ಇಲ್ಲದ ಹಡಗನ್ನು ಕಡಲಲ್ಲೇ ವಶಪಡಿಸಿಕೊಳ್ಳುವ ಅವರ ಪದ್ಧತಿಯಿಂದ ಅರಬ್ ವರ್ತಕನಿಗೂ, ಅವನಿಗೆ ಅಕ್ಕಿ ಮಾರುವ ಇಲ್ಲಿನ ವರ್ತಕನಿಗೂ ಸಮಾನವಾಗಿ ಹೊಡೆತ ಬಿದ್ದಿತು.

1624ರಲ್ಲಿ ಒಮಾನಿನ ವಿದ್ವಾಂಸರು ನಾಸಿರ್ ಬಿನ್ ಮುರ್ಷಿದನನ್ನು ಇಮಾಮನನ್ನಾಗಿ ಆರಿಸಿದರು. ಇದು ಯಅರುಬಿ ಮನೆತನದ ಆರಂಭ. ಅವನು ಒಳನಾಡಿನ ಬುಡಕಟ್ಟುಗಳನ್ನು ಒಂದುಗೂಡಿಸಿದನು. ಅವನ ಉತ್ತರಾಧಿಕಾರಿ ಸುಲ್ತಾನ್ ಬಿನ್ ಸೈಫ್ 1650ರ ಜನವರಿಯಲ್ಲಿ ಮಸ್ಕತ್ತಿನಿಂದ ಪೋರ್ಚುಗೀಸರನ್ನು ಹೊರದೂಡಿದನು. ಇದಾಗಿ ಎರಡು ಮೂರು ವರ್ಷಗಳೊಳಗೆ, 1652-53ರಲ್ಲಿ, ಕೆಳದಿಯ ಶಿವಪ್ಪನಾಯಕನು ಬಸರೂರು ಮತ್ತು ಗಂಗೊಳ್ಳಿಯ ಕೋಟೆಗಳನ್ನು ಅವರ ಕೈಯಿಂದ ಕಸಿದುಕೊಂಡನು. ಈ ಎರಡು ಘಟನೆಗಳನ್ನು ನಮ್ಮ ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಬೇರೆಬೇರೆಯಾಗಿಯೇ ನೋಡುತ್ತವೆ. ಆದರೆ ಒಂದೇ ಕಡಲಿನ ಎರಡು ದಡಗಳಲ್ಲಿ, ಒಬ್ಬನೇ ಎದುರಾಳಿಯ ವಿರುದ್ಧ, ಘಟ್ಟದ ಮೇಲಿನ ಒಂದು ಶಕ್ತಿ ಕೆಳಗಿಳಿದು ಬಂದರನ್ನು ಮರಳಿ ಪಡೆದ ಸಮಾನ ವಿನ್ಯಾಸ ಇಲ್ಲಿದೆ. ಬಿದನೂರು ಮತ್ತು ಬಸರೂರಿನ ನಡುವಣ ಸಂಬಂಧಕ್ಕೂ ನಿಝ್ವಾ ಮತ್ತು ಮಸ್ಕತ್ತಿನ ನಡುವಣ ಸಂಬಂಧಕ್ಕೂ ಹೋಲಿಕೆಯಿದೆ. ಒಬ್ಬನು ವೀರಶೈವ ಅರಸ, ಇನ್ನೊಬ್ಬನು ಇಬಾದಿ ಇಮಾಮ. ಮತ ಬೇರೆಯಾದರೂ ರಾಜಕಾರಣದ ಭೂಗೋಳ ಒಂದೇ ಆಗಿತ್ತು.

ಈ ಸಾಮ್ಯವನ್ನು ಅತಿಯಾಗಿ ಎಳೆಯಬಾರದೆಂಬುದಕ್ಕೂ ನಿದರ್ಶನವಿದೆ. ಮುಂದೆ ಕೆಳದಿ ಅರಸರು ಪೋರ್ಚುಗೀಸರೊಂದಿಗೆ ಒಪ್ಪಂದಗಳನ್ನು ಮಾಡಿಕೊಂಡರು. ಅರಬರ ವ್ಯಾಪಾರಕ್ಕೆ ತಡೆಯೊಡ್ಡಬೇಕೆಂಬುದು ಪೋರ್ಚುಗೀಸರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ಇದಕ್ಕೆ ಪ್ರತೀಕಾರವಾಗಿ 1695ರಲ್ಲಿ ಅರಬರ ಹಡಗುಗಳು ಬಂದು ಬಸರೂರನ್ನೂ ಮಂಗಳೂರನ್ನೂ ಸುಟ್ಟವು. ಮೂರು ವರ್ಷಗಳ ಬಳಿಕ, 1698ರಲ್ಲಿ, ಇದೇ ಒಮಾನಿ ನೌಕಾಬಲ ಪೂರ್ವ ಆಫ್ರಿಕದ ಮೊಂಬಾಸಾ ಕೋಟೆಯನ್ನು ಪೋರ್ಚುಗೀಸರಿಂದ ಗೆದ್ದುಕೊಂಡಿತು. ನಿನ್ನೆಯ ಗಿರಾಕಿ ಇಂದು ದಾಳಿಕಾರನಾಗಬಲ್ಲ. ಆದರೆ ಆ ದಾಳಿಯ ಹಿಂದಿದ್ದುದು ಮತದ್ವೇಷವಲ್ಲ, ಮುಚ್ಚಿದ ಮಾರುಕಟ್ಟೆ ಎಂಬುದನ್ನು ಗಮನಿಸಬೇಕು.

ಅಕ್ಕಿಯ ವ್ಯಾಪಾರ ಮತ್ತು ಅಧಿಕಾರದ ಇಬ್ಭಾಗ

18ನೆಯ ಶತಮಾನದ ಒಳಜಗಳಗಳು ಹಾಗೂ ಪರ್ಶಿಯನ್ನರ ಪ್ರವೇಶದ ಬಳಿಕ ಅಹಮದ್ ಬಿನ್ ಸಯೀದ್ ಒಮಾನನ್ನು ಮತ್ತೆ ಒಂದುಗೂಡಿಸಿ ಇಮಾಮನಾದನು. ಇಂದಿಗೂ ಆಳುತ್ತಿರುವ ಬೂಸಯೀದಿ ಮನೆತನದ ಮೂಲಪುರುಷನು ಇವನೇ. ಮಂಗಳೂರಿನಿಂದ ಮಸ್ಕತ್ತಿಗೆ ಬರುವ ಅಕ್ಕಿಯ ಹಾದಿಗೆ ಕಡಲ್ಗಳ್ಳರು ಅಡ್ಡಿಯಾದಾಗ ಇವನು ತನ್ನ ಹಡಗುಗಳನ್ನು ಕಳುಹಿಸಿದ ಸಂಗತಿಯನ್ನು 19ನೆಯ ಶತಮಾನದ ಒಮಾನಿ ಚರಿತ್ರಕಾರ ಇಬ್ನ್ ರುಝೈಕ್ ಹೇಳಿದ್ದಾನೆ. ಅನ್ನದ ಪ್ರಶ್ನೆ ಆ ದೇಶದಲ್ಲಿ ಎಂತಹ ರಾಜಕೀಯ ಪ್ರಶ್ನೆಯಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಬಳಿಕ ನಮ್ಮ ಕರಾವಳಿ ಮೈಸೂರಿನ ಆಳ್ವಿಕೆಗೆ ಸೇರಿತು. ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ವ್ಯಾಪಾರ ಕೋಠಿಯನ್ನು ನಡೆಸುತ್ತಿದ್ದನು. ಅಲ್ಲಿನ ದರೋಗ ಮೀರ್ ಕಾಝಿಮನಿಗೆ ಅವನು ಬರೆದ ಪತ್ರಗಳು 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಪ್ರಕಟಿಸಿದ ಸಂಕಲನದಲ್ಲಿವೆ. ಗಂಧ, ಮೆಣಸುಗಳ ಮಾರಾಟದ ಬಗ್ಗೆ, ರೇಷ್ಮೆಹುಳು, ಕೇಸರಿ ಬೀಜ, ಖರ್ಜೂರದ ಸಸಿ, ಮುತ್ತು ತೆಗೆಯುವ ಮುಳುಗುಗಾರರನ್ನು ಕಳುಹಿಸುವ ಬಗ್ಗೆ ಅಲ್ಲಿ ಸೂಚನೆಗಳಿವೆ. ಟಿಪ್ಪು 1786ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿಗೆ ಕಳುಹಿಸಿದ ರಾಯಭಾರವೂ ಮಸ್ಕತ್ತಿನ ಮೂಲಕವೇ ಸಾಗಿತು. ಇಲ್ಲಿಯೂ ಸುನ್ನಿ ದೊರೆ ಮತ್ತು ಇಬಾದಿ ದೊರೆಗಳ ನಡುವೆ ಮತಭೇದ ವ್ಯವಹಾರಕ್ಕೆ ಅಡ್ಡಿಯಾಗಲಿಲ್ಲ. ಕನ್ನಡ ಜಿಲ್ಲೆ ಕಂಪನಿಯ ವಶವಾದ ಮೇಲೆ, 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಬುಕನನ್, ಅಕ್ಕಿಯೇ ಇಲ್ಲಿನ ಮುಖ್ಯ ರಫ್ತು ಎಂದೂ ಅದು ಹೋಗುವ ಊರುಗಳಲ್ಲಿ ಮಸ್ಕತ್ ಒಂದೆಂದೂ ದಾಖಲಿಸಿದ್ದಾನೆ. ಒಕ್ಕಲು ಬೆಳೆದ ಭತ್ತ ಅಕ್ಕಿಯಾಗಿ, ಬೈಹುಲ್ಲಿನ ಮುಡಿಯಾಗಿ, ದೋಣಿಯಲ್ಲಿ ಬಂದರಿಗೆ ಸಾಗುತ್ತಿದ್ದ ಈ ವ್ಯವಸ್ಥೆಯಲ್ಲಿ ನಾವುಂದದಂತಹ ಬಯಲಿನ ಗ್ರಾಮಗಳೇ ಬಂದರುಗಳ ಬೆನ್ನೆಲುಬಾಗಿದ್ದವು.

ಇದೇ ಅವಧಿಯಲ್ಲಿ ಒಮಾನಿನಲ್ಲಿ ಮಹತ್ವದ ಪಲ್ಲಟವೊಂದು ನಡೆಯಿತು. 1783ರಲ್ಲಿ ಅಹಮದನು ತೀರಿಕೊಂಡ ಮೇಲೆ ಅವನ ಮಗ ಸಯೀದ್ ಇಮಾಮನಾಗಿ ಒಳನಾಡಿನ ರುಸ್ತಾಕಿನಲ್ಲಿ ಉಳಿದನು. ಆಳುವ ಅಧಿಕಾರ ಮಾತ್ರ ಮಸ್ಕತ್ತಿಗೆ, ಅವನ ಮಗ ಹಮದನ ಕೈಗೆ ಸರಿಯಿತು. ಮುಂದೆ ಮಸ್ಕತ್ತಿನ ದೊರೆಗಳು ಇಮಾಮ್ ಎಂಬ ಬಿರುದನ್ನು ಬಿಟ್ಟು ಸಯ್ಯಿದ್ ಎಂದೂ, ತರುವಾಯ ಸುಲ್ತಾನ್ ಎಂದೂ ಕರೆಸಿಕೊಂಡರು. ಕಡಲು, ಸುಂಕ, ಹಡಗುಗಳು ದೊರೆಯ ಪಾಲಾದವು. ಧರ್ಮದ ಅಧಿಕಾರ ಒಳನಾಡಿನ ವಿದ್ವಾಂಸರಲ್ಲಿ ಉಳಿಯಿತು. 1798ರಲ್ಲಿ ಬ್ರಿಟಿಷರೊಂದಿಗೆ ಆದ ಒಪ್ಪಂದ ಫ್ರೆಂಚರನ್ನೂ, ತನ್ಮೂಲಕ ಟಿಪ್ಪುವಿನ ಮಿತ್ರರನ್ನೂ ಮಸ್ಕತ್ತಿನಿಂದ ದೂರವಿಟ್ಟಿತು. ಸಯ್ಯಿದ್ ಸಯೀದ್ ಬಿನ್ ಸುಲ್ತಾನನ ಕಾಲದಲ್ಲಿ (1806-1856) ಝಾಂಝಿಬಾರಿನವರೆಗೂ ಹಬ್ಬಿದ ರಾಜ್ಯ 1861ರಲ್ಲಿ ಬ್ರಿಟಿಷರ ತೀರ್ಪಿನಂತೆ ಎರಡು ಹೋಳಾಯಿತು.

ಇಮಾಮ್ ಮತ್ತು ಸುಲ್ತಾನ್: 20ನೆಯ ಶತಮಾನ

1913ರಲ್ಲಿ ಒಳನಾಡಿನ ಬುಡಕಟ್ಟುಗಳು ಸಾಲಿಮ್ ಬಿನ್ ರಾಶಿದ್ ಅಲ್-ಖರೂಸಿಯನ್ನು ಇಮಾಮನನ್ನಾಗಿ ಆರಿಸಿ ಸುಲ್ತಾನನ ವಿರುದ್ಧ ಬಂಡೆದ್ದವು. 1920ರ ಸೀಬ್ ಒಪ್ಪಂದದಿಂದ ಒಳನಾಡು ಬಹುಮಟ್ಟಿಗೆ ಸ್ವಾಯತ್ತವಾಯಿತು. ಒಳನಾಡಿನಿಂದ ಬಂದರಿಗೆ ಬರುವ ಸರಕಿನ ಮೇಲಿನ ಸುಂಕ ಶೇ. 5ನ್ನು ಮೀರಕೂಡದೆಂಬುದು ಅದರ ಒಂದು ಷರತ್ತು. ಮೂರು ದಶಕಗಳಿಗೂ ಮಿಕ್ಕಿ ಈ ಏರ್ಪಾಡು ಬಾಳಿತು. 1954ರಲ್ಲಿ ಇಮಾಮ್ ಮುಹಮ್ಮದ್ ಅಲ್-ಖಲೀಲಿ ತೀರಿಕೊಂಡ ಬಳಿಕ, ತೈಲ ಶೋಧನೆಯ ಹಕ್ಕು ಯಾರದೆಂಬ ಪ್ರಶ್ನೆ ಮುನ್ನೆಲೆಗೆ ಬಂದು ಹೊಸ ಇಮಾಮ್ ಗಾಲಿಬ್ ಬಿನ್ ಅಲಿಗೂ ಸುಲ್ತಾನ್ ಸಯೀದ್ ಬಿನ್ ತೈಮೂರನಿಗೂ ಕದನವಾಯಿತು. 1959ರ ಆರಂಭದಲ್ಲಿ ಬ್ರಿಟಿಷ್ ಸೇನೆಯ ನೆರವಿನಿಂದ ಜೆಬೆಲ್ ಅಖ್ದರ್ ಬೆಟ್ಟದ ಕೊನೆಯ ನೆಲೆಗಳು ಬಿದ್ದವು. ಸಾವಿರ ವರ್ಷಗಳ ಇಮಾಮತ್ ಪದ್ಧತಿ ರಾಜಕೀಯ ವಾಸ್ತವವಾಗಿ ಅಲ್ಲಿಗೆ ಕೊನೆಗೊಂಡಿತು.

1970ರ ಜುಲೈ 23ರಂದು ಸುಲ್ತಾನ್ ಕಾಬೂಸ್ ತಂದೆಯನ್ನು ಕೆಳಗಿಳಿಸಿ ಅಧಿಕಾರಕ್ಕೆ ಬಂದನು. ಧೋಫಾರಿನ ಬಂಡಾಯ 1975ರ ವೇಳೆಗೆ ಅಡಗಿತು. 1996ರ ಮೂಲಶಾಸನ ಇಸ್ಲಾಮನ್ನು ರಾಷ್ಟ್ರಧರ್ಮವೆಂದು ಸಾರಿತಾದರೂ ಮತಾಧಾರಿತ ತಾರತಮ್ಯವನ್ನು ನಿಷೇಧಿಸಿ, ಇತರ ಮತಗಳ ಆಚರಣೆಗೂ ಅವಕಾಶವಿತ್ತಿತು. ಮಸ್ಕತ್ತಿನಲ್ಲಿ ಶಿವಾಲಯವೂ ಕೃಷ್ಣ ದೇವಾಲಯವೂ ಇಂದು ಪೂಜೆಗೊಳ್ಳುತ್ತಿವೆ. 2020ರ ಜನವರಿಯಲ್ಲಿ ಕಾಬೂಸ್ ನಿಧನಾನಂತರ ಹೈಥಮ್ ಬಿನ್ ತಾರಿಕ್ ಪಟ್ಟವೇರಿದನು. 2021ರ ಹೊಸ ಮೂಲಶಾಸನ ಯುವರಾಜನ ಸ್ಥಾನವನ್ನು ಸ್ಥಾಪಿಸಿ, ಪಟ್ಟವು ತಂದೆಯಿಂದ ಹಿರಿಯ ಮಗನಿಗೆ ಎಂಬ ಕ್ರಮವನ್ನು ಗಟ್ಟಿಗೊಳಿಸಿತು. ಆಯ್ಕೆಯ ತತ್ತ್ವದಿಂದ ಹುಟ್ಟಿದ ಒಂದು ಪಂಥದ ನಾಡು ಹೀಗೆ ವಂಶಪಾರಂಪರ್ಯದ ಅರಸೊತ್ತಿಗೆಯಲ್ಲಿ ನಿಂತಿರುವುದು ಅಲ್ಲಿನ ಚರಿತ್ರೆಯ ದೊಡ್ಡ ವೈರುಧ್ಯವೆನ್ನಬಹುದು.

ಜನಪದ ನೆನಪಿನಲ್ಲಿ ಕಡಲಾಚೆಯ ನಾಡು

ಇಷ್ಟು ದೀರ್ಘವಾದ ಸಂಬಂಧ ನಮ್ಮ ಜನಪದದಲ್ಲಿ ಯಾವ ರೂಪದಲ್ಲಿ ಉಳಿದಿದೆ? ಇಮಾಮರ, ಸುಲ್ತಾನರ ಹೆಸರುಗಳು ಉಳಿದಿಲ್ಲ. ಉಳಿದಿರುವುದು ವರ್ತಕನ ನೆನಪು. ಕರಾವಳಿಯುದ್ದಕ್ಕೂ ಮೊಗವೀರರು ನಂಬಿಕೊಂಡು ಬಂದಿರುವ ಬೊಬ್ಬರ್ಯ ದೈವದ ಐತಿಹ್ಯ ಇದಕ್ಕೆ ಶ್ರೇಷ್ಠ ನಿದರ್ಶನ. ಪಾಡ್ದನಗಳ ಪಾಠಾಂತರಗಳಲ್ಲಿ ವಿವರಗಳು ಬದಲಾದರೂ, ತಂದೆ ಮುಸ್ಲಿಂ ವರ್ತಕ, ತಾಯಿ ಜೈನ ಮನೆತನದ ಹೆಣ್ಣು, ಮಗ ಕಡಲ ವ್ಯಾಪಾರಕ್ಕೆ ಹೋಗಿ ಅಲ್ಲಿಯೇ ಕಾಯ ಬಿಟ್ಟು ದೈವವಾದವನು ಎಂಬ ಆಶಯ ಬಹುಪಾಲು ಸ್ಥಿರವಾಗಿದೆ. ಕುಂದಾಪುರ ಪರಿಸರದ ತೀರದ ಊರುಗಳಲ್ಲಿಯೂ ಬೊಬ್ಬರ್ಯನ ಗುಡಿಗಳಿವೆ. ಕಡಲಿಗಿಳಿಯುವವನು ಮೊದಲು ನೆನೆಯುವುದು ಈ ದೈವವನ್ನು. ಅವನ ತಂದೆ ಅರೇಬಿಯದ ಇಂತಹ ಊರಿನವನೆಂದು ನಿರ್ಧರಿಸಲು ಹೊರಡುವುದು ಐತಿಹ್ಯದ ಸ್ವರೂಪವನ್ನೇ ಅರಿಯದ ಕೆಲಸವಾಗುತ್ತದೆ. ಆದರೆ ಕಡಲನ್ನು ಬಲ್ಲವನು, ಹೊರಗಿನಿಂದ ಬಂದು ಒಳಗಿನವನಾದವನು, ಆಪತ್ತಿನಲ್ಲಿ ಕಾಯುವವನು ಎಂಬ ಜನಸಮುದಾಯದ ತೀರ್ಮಾನ ಅದರಲ್ಲಿ ಖಚಿತವಾಗಿದೆ.

ಭಾಷೆಯೂ ಇದಕ್ಕೆ ಸಾಕ್ಷಿ. ಬಂದರು, ನಾಖುದಾ ಎಂಬ ಪರ್ಶಿಯನ್ ಮೂಲದ ಪದಗಳೂ ದಲ್ಲಾಳಿ, ಖಲಾಸಿ, ಬಾಕಿ, ವಸೂಲಿ, ತಕರಾರು ಎಂಬ ಅರಬ್ಬೀ ಮೂಲದ ಪದಗಳೂ ನಮ್ಮ ಮಾತಿನಲ್ಲಿ ಬೆರೆತಿವೆ. ಇವುಗಳಲ್ಲಿ ಕೆಲವು ಆಡಳಿತದ ಮೂಲಕವೂ ಬಂದಿರಬಹುದು. ಎಲ್ಲವೂ ಕೊಡುಕೊಳ್ಳುವಿಕೆಯ ಪದಗಳೇ ಎಂಬುದು ಅರ್ಥಪೂರ್ಣವಾಗಿದೆ.

1970ರ ಬಳಿಕ ಹಾದಿಯ ದಿಕ್ಕು ಬದಲಾಯಿತು. ಹಿಂದೆ ಆಚೆಯವರು ಅಕ್ಕಿಗಾಗಿ ಬರುತ್ತಿದ್ದರು. ಈಗ ಈಚೆಯವರು ಅನ್ನಕ್ಕಾಗಿ ಹೋಗತೊಡಗಿದರು. ಮುಸ್ಲಿಮರಷ್ಟೇ ಅಲ್ಲ, ಮೊಗವೀರ, ಬಿಲ್ಲವ, ಬಂಟ, ಕ್ರೈಸ್ತ ಮನೆಗಳ ಯುವಕರೂ ಹೋದವರೇ. ನಾವುಂದ ಪರಿಸರದ ಹಿರಿಯ ಹೆಂಗಸರೊಂದಿಗೆ ಮಾತನಾಡಿದಾಗ, ಮಾತುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ಊರಿಗೆ ಹೊರಟವರ ಕೈಯಲ್ಲಿ ಕಳುಹಿಸುತ್ತಿದ್ದ ದಿನಗಳ ನೆನಪು ಜಾತಿಮತಗಳ ಭೇದವಿಲ್ಲದೆ ಕೇಳಿಬರುತ್ತದೆ. ಗಂಡ ವರ್ಷಗಟ್ಟಲೆ ಹೊರಗಿದ್ದಾಗ ಗದ್ದೆ, ಸಾಲ, ಮಕ್ಕಳ ಶಾಲೆ, ಮನೆ ಕಟ್ಟಿಸುವ ಕೆಲಸಗಳನ್ನೆಲ್ಲ ನಿಭಾಯಿಸಿದವರು ಇವರು. ಈ ಮೌಖಿಕ ಚರಿತ್ರೆ ಇನ್ನೂ ಸಂಗ್ರಹವಾಗಬೇಕಾಗಿದೆ. ಆ ಕ್ಯಾಸೆಟ್ಟುಗಳು ಉಪ್ಪುಗಾಳಿಗೆ ಹಾಳಾಗುತ್ತಿವೆ. ಮಾತನಾಡಬಲ್ಲವರ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಹೊರಪಡುತ್ತವೆ. ಮೊದಲನೆಯದಾಗಿ, ಮುಸ್ಲಿಂ ಬಹುಸಂಖ್ಯಾತ ದೇಶವೊಂದರ ಚರಿತ್ರೆ ಮತದ ಚರಿತ್ರೆಯಷ್ಟೇ ಅಲ್ಲ. ಒಮಾನಿನಲ್ಲಿ ಇಮಾಮ್ ಮತ್ತು ಸುಲ್ತಾನರ ನಡುವೆ ನಡೆದದ್ದು ಒಳನಾಡು ಮತ್ತು ಬಂದರು, ಆಯ್ಕೆ ಮತ್ತು ವಂಶ, ಧರ್ಮ ಮತ್ತು ಸುಂಕಗಳ ನಡುವಣ ದೀರ್ಘ ತಿಕ್ಕಾಟ. ಎರಡನೆಯದಾಗಿ, ಕುಂದಾಪುರ ಕರಾವಳಿಯ ಚರಿತ್ರೆಯನ್ನು ಘಟ್ಟದ ಮೇಲಿನ ರಾಜಧಾನಿಗಳ ಕಡೆಯಿಂದಷ್ಟೇ ಬರೆದರೆ ಅದು ಅರೆ ಚರಿತ್ರೆಯಾಗುತ್ತದೆ. ಮಸ್ಕತ್ತಿನ 1650ನ್ನು ಬಿಟ್ಟು ಬಸರೂರಿನ 1652-53 ಪೂರ್ತಿಯಾಗಿ ಅರ್ಥವಾಗುವುದಿಲ್ಲ. ಮೂರನೆಯದಾಗಿ, ಈ ಕರಾವಳಿಯ ಮುಸ್ಲಿಮರನ್ನು ಇತ್ತೀಚೆಗೆ ಹೊರಗಿನಿಂದ ಬಂದವರಂತೆ ಕಾಣುವ ದೃಷ್ಟಿಗೆ ಶಾಸನದ 'ಹಂಜಮಾನ'ವಾಗಲಿ, ಬಾರಕೂರಿನ ದಳಪತಿಯಾಗಲಿ, ಮೊಗವೀರರ ಬೊಬ್ಬರ್ಯನಾಗಲಿ ಆಧಾರವೊದಗಿಸುವುದಿಲ್ಲ.

ಪಂಡಿತರ ಚರಿತ್ರೆ ಬರಹಕ್ಕೆ ಬರುವ ಮೊದಲೇ ಮೀನುಗಾರನೊಬ್ಬನು ಈ ಸಂಬಂಧವನ್ನು ಗುಡಿ ಕಟ್ಟಿ ಒಪ್ಪಿಕೊಂಡಿದ್ದಾನೆ. ಆ ಒಪ್ಪಿಗೆಯ ಹಿಂದಿರುವ ಅನುಭವವನ್ನು ದಾಖಲೆಗಳ ಬೆಳಕಿನಲ್ಲಿ ಓದುವ ಕೆಲಸ ನಮ್ಮ ಮುಂದಿದೆ.